ಗಂಡನಿಗೂ ಇಎಸ್‌ಐ, ನನಗೂ ಇಎಸ್‌ಐ, ಮೈದುನನಿಗೆ ಕಂಪನಿ ಇನ್ಶೂರೆನ್ಸ್: ನನ್ನ ಕಾರ್ಡ್ ನಿಲ್ಲಿಸಬಹುದಾ?

ಪೀಣ್ಯದ ಟೈಲರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಶರ್ಟಿಗೆ ಕಾಲರ್ ಕೂರಿಸುವ ಲೈನು. ಸಂಬಳ 13,400 ರೂಪಾಯಿ. ನಮ್ಮ ಮನೆಯವರು ಅಲ್ಲೇ ಹತ್ತಿರದ ಫ್ಯಾಕ್ಟರಿಯಲ್ಲಿ ಸಿಎನ್‌ಸಿ ಆಪರೇಟರ್, ಅವರಿಗೆ 19,200. ಮೈದುನ ಒಂದು ಗೋಡೌನಿನಲ್ಲಿ ಸೂಪರ್‌ವೈಸರ್, 26 ಸಾವಿರ ಬರುತ್ತದೆ. ಅವನಿಗೆ ಇಎಸ್‌ಐ (ಸಂಬಳದಲ್ಲಿ ಹಿಡಿದು ಕೊಡುವ ಸರ್ಕಾರದ ನೌಕರರ ವಿಮೆ) ಇಲ್ಲ. ಕಂಪನಿಯವರೇ 3 ಲಕ್ಷದ ಇನ್ಶೂರೆನ್ಸ್ ಮಾಡಿಸಿ ಕಾರ್ಡ್ ಕೊಟ್ಟಿದ್ದಾರೆ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಅವರಿಗೆ ಶುಗರ್ ಇದೆ, ಎರಡೂ ಮಂಡಿ ನೋವು. ನಮಗೆ 6 ವರ್ಷದ ಮಗಳಿದ್ದಾಳೆ. ಈಗ ನನಗೆ ಏಳನೇ ತಿಂಗಳು. ಡಾಕ್ಟರು ಫೆಬ್ರವರಿ ಕೊನೆಯ ವಾರ ಅಂತ ಡೇಟ್ ಕೊಟ್ಟಿದ್ದಾರೆ.

ಪ್ರಶ್ನೆ ಇಷ್ಟು. ನನ್ನ ಸಂಬಳದಲ್ಲಿ ತಿಂಗಳಿಗೆ 101 ರೂಪಾಯಿ ಇಎಸ್‌ಐಗೆ ಹೋಗುತ್ತದೆ, ಅವರದ್ದರಲ್ಲಿ 144. ಆದರೆ ನಾವು ಡಿಸ್ಪೆನ್ಸರಿಗೆ ತೆಗೆದುಕೊಂಡು ಹೋಗುವುದು ಯಾವಾಗಲೂ ಅವರ ಕಾರ್ಡನ್ನೇ. ಅದರಲ್ಲಿ ನನ್ನ ಹೆಸರು, ಮಗಳ ಹೆಸರು, ಅತ್ತೆ ಹೆಸರು ಎಲ್ಲಾ ಇದೆ, ಫೋಟೋ ಕೂಡ ಅಂಟಿಸಿದ್ದೇವೆ. ನನ್ನ ಕಾರ್ಡು ಬೀರುವಿನಲ್ಲಿ ಸುಮ್ನೆ ಬಿದ್ದಿದೆ. ಲೈನಿನಲ್ಲಿ ಪಕ್ಕದ ಮೆಷಿನ್ನಿನ ಅಕ್ಕ ಹೇಳಿದರು, "ಗಂಡನ ಕಾರ್ಡಿನಲ್ಲಿ ನಿನ್ನ ಹೆಸರು ಇದ್ದರೆ ಸಾಕು, ನಿನ್ನದು ಬೇಡ ಅಂತ ಎಚ್‌ಆರ್‌ಗೆ ಬರೆದುಕೊಡು, ವರ್ಷಕ್ಕೆ ಸಾವಿರದ ಇನ್ನೂರು ಉಳಿಯುತ್ತದೆ" ಅಂತ. ಹೆರಿಗೆ ಖರ್ಚು ಬರುತ್ತಿದೆ, ನೂರು ರೂಪಾಯಿಯೂ ನಮಗೆ ಲೆಕ್ಕವೇ. ಹಾಗೆ ಬರೆದುಕೊಡಬಹುದಾ?

ಎರಡನೆಯದು, ಅತ್ತೆಯನ್ನು ಯಾರ ಕಾರ್ಡಿನಲ್ಲಿ ಇಟ್ಟುಕೊಂಡರೆ ಒಳ್ಳೆಯದು? ಜನವರಿಯಿಂದ ನಮ್ಮ ಮನೆಯವರ ಸಂಬಳ 21,600 ಆಗುತ್ತದಂತೆ. ಆಮೇಲೆ ಅವರಿಗೆ ಇಎಸ್‌ಐ ಇರುವುದಿಲ್ಲ ಅಂತ ಕೇಳಿದ್ದೇನೆ. ಹಾಗಾದರೆ ಅತ್ತೆಯ ಮಾತ್ರೆಗೆ ಏನು ಮಾಡುವುದು?

ಇನ್ನೊಂದು ಮಾತು. ಈ ಫ್ಯಾಕ್ಟರಿಗೆ ನಾನು ಸೇರಿದ್ದು ಆಗಸ್ಟ್ 4ಕ್ಕೆ. ಅದಕ್ಕೆ ಮೊದಲು ಬೇರೆ ಗಾರ್ಮೆಂಟ್ಸ್‌ನಲ್ಲಿ ಮೂರು ವರ್ಷ ಇದ್ದೆ. ಇಲ್ಲಿ ಸೇರಿದಾಗ ಹೊಸ ಕಾರ್ಡೇ ಮಾಡಿಕೊಟ್ಟರು. ಹಳೆಯದು ಎಲ್ಲೋ ಇದೆ, ಹುಡುಕಬೇಕು.

ಟೈಮ್ ಆಫೀಸ್ ಹಳಬ

ತಂಗೀ, ನಿಮ್ಮ ಕೊನೆಯ ನಾಲ್ಕು ಸಾಲು ಓದಿ ನನಗೆ ಗಾಬರಿ ಆಯಿತು. ಅದಕ್ಕೆ ಕೊನೆಗೆ ಬರುತ್ತೇನೆ. ನಾನು 14 ವರ್ಷ ಒಂದು ಫ್ಯಾಕ್ಟರಿಯ ಟೈಮ್ ಆಫೀಸ್‌ನಲ್ಲಿ ಇದ್ದವನು. ಇಎಸ್‌ಐ, ಪಿಎಫ್ ಎರಡೂ ನಾನೇ ನೋಡಿಕೊಳ್ಳುತ್ತಿದ್ದೆ.

ಮೊದಲು ನಿಮ್ಮ ಪ್ರಶ್ನೆ. ಬರೆದುಕೊಟ್ಟು ನಿಲ್ಲಿಸುವುದಕ್ಕೆ ಬರುವುದಿಲ್ಲ. ಇಎಸ್‌ಐ ಅನ್ವಯಿಸುವ ಕಡೆ ಕೆಲಸ ಮಾಡುವವರ ಸಂಬಳ ತಿಂಗಳಿಗೆ 21,000 ಒಳಗೆ ಇದ್ದರೆ ಕಡಿತ ಆಗಲೇಬೇಕು. ಗಂಡನಿಗೆ ಇದೆ, ಅಣ್ಣನಿಗೆ ಇದೆ ಅಂತ ಯಾರಿಗೂ ವಿನಾಯಿತಿ ಇಲ್ಲ. ನಿಮ್ಮ ಕಡೆಯಿಂದ 0.75 ಪರ್ಸೆಂಟ್, ಕಂಪನಿ ಕಡೆಯಿಂದ 3.25 ಪರ್ಸೆಂಟ್. 2019ರ ಜುಲೈಯಿಂದ ಇದೇ ರೇಟು. ಅಂದರೆ ನೀವು 101 ಕಟ್ಟಿದರೆ ನಿಮ್ಮ ಹೆಸರಿಗೆ ಕಂಪನಿಯವರು 436 ಕಟ್ಟುತ್ತಿದ್ದಾರೆ.

ಈಗ ಮುಖ್ಯವಾದ ಮಾತು. ಕಾರ್ಡು ಅಂದರೆ ಡಾಕ್ಟರು, ಮಾತ್ರೆ ಅಷ್ಟೇ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಅರ್ಧ ಮಾತ್ರ. ಚಿಕಿತ್ಸೆ ಇಡೀ ಮನೆಗೆ ಸಿಗುತ್ತದೆ, ಗಂಡನ ಕಾರ್ಡಿನಲ್ಲೂ ಸಿಗುತ್ತದೆ, ನಿಮ್ಮದರಲ್ಲೂ ಸಿಗುತ್ತದೆ. ಆದರೆ ಕೆಲಸಕ್ಕೆ ಹೋಗಲು ಆಗದ ದಿನಗಳಿಗೆ ಸಂಬಳದ ಬದಲು ಕೊಡುವ ದುಡ್ಡು ಇದೆಯಲ್ಲ, ಅದು ಯಾರ ಹೆಸರಿನಲ್ಲಿ ಇಎಸ್‌ಐ ನಂಬರ್ ಇದೆಯೋ ಅವರಿಗೆ ಮಾತ್ರ. ನಿಮಗೆ ಟೈಫಾಯ್ಡ್ ಬಂದು ಹದಿನೈದು ದಿನ ಮಲಗಿದರೆ ಗಂಡನ ಕಾರ್ಡಿನಲ್ಲಿ ಮಾತ್ರೆ ಬರುತ್ತದೆ, ಹೋದ ಸಂಬಳ ಬರುವುದಿಲ್ಲ. ನಿಮ್ಮ ಸ್ವಂತ ನಂಬರಿನಲ್ಲಿ ಆದರೆ ದಿನಗೂಲಿಯ 70 ಪರ್ಸೆಂಟ್ ಬರುತ್ತದೆ, ವರ್ಷಕ್ಕೆ 91 ದಿನದವರೆಗೆ. ಅದಕ್ಕೆ ಆರು ತಿಂಗಳ ಅವಧಿಯಲ್ಲಿ 78 ದಿನದ ಸಂಬಳಕ್ಕೆ ಕಡಿತ ಆಗಿರಬೇಕು.

ಹೆರಿಗೆಯದ್ದು ಇನ್ನೂ ದೊಡ್ಡದು. ಇದು ನಿಮಗೆ ಎರಡನೆಯ ಮಗು. 26 ವಾರ, ಅಂದರೆ 182 ದಿನ, ಪೂರ್ತಿ ದಿನಗೂಲಿ ಸಿಗುತ್ತದೆ. ನಿಮ್ಮ ಸಂಬಳವನ್ನು 30ರಿಂದ ಭಾಗಿಸಿದರೆ ದಿನಕ್ಕೆ 446 ರೂಪಾಯಿ ಚಿಲ್ಲರೆ. 182 ದಿನಕ್ಕೆ ಅಂದಾಜು 81 ಸಾವಿರ. ಇದು ಗಂಡನ ಕಾರ್ಡಿನಲ್ಲಿರುವ ಹೆಂಡತಿಗೆ ಇಲ್ಲವೇ ಇಲ್ಲ, ತಂಗೀ. ಕೆಲಸ ಮಾಡುವ ಹೆಣ್ಣುಮಗಳ ಸ್ವಂತ ನಂಬರಿಗೆ ಮಾತ್ರ. ಪಕ್ಕದ ಮೆಷಿನ್ನಿನ ಅಕ್ಕನಿಗೂ ಇದನ್ನು ದಯವಿಟ್ಟು ಹೇಳಿ. ಅವರಿಗೆ ಗೊತ್ತಿಲ್ಲದೆ ಹೇಳಿದ್ದಾರೆ.

ಈಗ ನನ್ನ ಗಾಬರಿ. ಇಎಸ್‌ಐ ನಂಬರ್ ಹತ್ತು ಅಂಕಿಯದ್ದು, ಅದು ಜೀವನಪೂರ್ತಿ ಒಂದೇ. ಫ್ಯಾಕ್ಟರಿ ಬದಲಾದರೂ ನಂಬರ್ ಬದಲಾಗಬಾರದು. ನಿಮಗೆ ಹೊಸ ಕಾರ್ಡ್ ಅಂದರೆ ಹಳೆಯ ನಂಬರಿನಲ್ಲೇ ಹೊಸದಾಗಿ ಪ್ರಿಂಟ್ ಕೊಟ್ಟರಾ, ಇಲ್ಲ ನಂಬರೇ ಬೇರೆಯಾ? ಇವತ್ತೇ ನೋಡಿ. ಹಳೆಯ ಕಾರ್ಡ್ ಸಿಗದಿದ್ದರೆ ಹಳೆಯ ಸ್ಯಾಲರಿ ಸ್ಲಿಪ್ ನೋಡಿ, ಅದರಲ್ಲಿ ಪಿಎಫ್ ನಂಬರಿನ ಹತ್ತಿರ ಇಎಸ್‌ಐ ನಂಬರ್ ಇರುತ್ತದೆ.

ಯಾಕೆ ಹೇಳುತ್ತಿದ್ದೇನೆ ಅಂದರೆ, ಹೆರಿಗೆ ದುಡ್ಡಿಗೆ 70 ದಿನದ ಲೆಕ್ಕ ಇದೆ. ನಿಮ್ಮ ಹೆರಿಗೆ ಫೆಬ್ರವರಿಯಲ್ಲಿ. ಅದು ಜನವರಿ 1ರಿಂದ ಜೂನ್ 30ರ, ದುಡ್ಡು ಸಿಗುವ ಅವಧಿಗೆ ಬರುತ್ತದೆ. ಅದಕ್ಕೆ ಹಿಂದಿನ ಎರಡು ಕಡಿತದ ಅವಧಿಗಳನ್ನು ನೋಡುತ್ತಾರೆ: 2024ರ ಅಕ್ಟೋಬರ್‌ನಿಂದ 2025ರ ಮಾರ್ಚ್, ಆಮೇಲೆ 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್. ಈ ಎರಡೂ ಸೇರಿ 70 ದಿನದ ಸಂಬಳಕ್ಕೆ ಕಡಿತ ಆಗಿರಬೇಕು. ನೀವು ಮೂರು ವರ್ಷದಿಂದ ಬಿಡದೆ ಕೆಲಸ ಮಾಡುತ್ತಿದ್ದೀರಿ, ಬೇಕಾದಷ್ಟು ದಿನ ಇರುತ್ತದೆ. ಆದರೆ ಆ ದಿನಗಳೆಲ್ಲ ಹಳೆಯ ನಂಬರಿನಲ್ಲಿ ಇದ್ದು, ಹೊಸ ನಂಬರಿನಲ್ಲಿ ಆಗಸ್ಟ್, ಸೆಪ್ಟೆಂಬರ್ ಮಾತ್ರ ಇದ್ದರೆ? ನೀವೇ ಎಣಿಸಿ.

ಪೀಣ್ಯದ ಟೈಲರ್

ಅಣ್ಣಾ, ಎಣಿಸಿದೆ. ಕೈ ನಡುಗಿತು.

ಹಳೆಯ ಕಾರ್ಡ್ ಸಿಗಲಿಲ್ಲ. ಆದರೆ ಮಗಳ ಸ್ಕೂಲ್ ಅಡ್ಮಿಶನ್‌ಗೆ ಅಂತ ಮಾರ್ಚ್ ತಿಂಗಳ ಸ್ಲಿಪ್ಪಿನ ಫೋಟೋ ತೆಗೆದು ಫೋನಿನಲ್ಲಿ ಇಟ್ಟಿದ್ದೆ. ಅದನ್ನು ದೊಡ್ಡದು ಮಾಡಿ, ಹೊಸ ಕಾರ್ಡನ್ನು ಪಕ್ಕದಲ್ಲಿಟ್ಟು ಒಂದೊಂದೇ ಅಂಕಿ ನೋಡಿದೆ. ಮೊದಲ ಎರಡು ಅಂಕಿ ಒಂದೇ, ಮಿಕ್ಕದ್ದೆಲ್ಲ ಬೇರೆ. ಎರಡು ನಂಬರ್ ಆಗಿದೆ. ಹಳೆಯ ಸ್ಲಿಪ್ಪಿನಲ್ಲಿ ನನ್ನ ಹೆಸರಿಗೆ ಇನಿಶಿಯಲ್ ಇಲ್ಲ, ಹೆಸರಿನ ಸ್ಪೆಲ್ಲಿಂಗ್ ಕೂಡ ಆಧಾರ್‌ನಲ್ಲಿ ಇರುವ ಹಾಗೆ ಇಲ್ಲ.

ಹೊಸ ಫ್ಯಾಕ್ಟರಿಯಲ್ಲಿ ಆಗಸ್ಟ್‌ನಲ್ಲಿ 28 ದಿನ, ಸೆಪ್ಟೆಂಬರ್‌ನಲ್ಲಿ 27 ದಿನ. ಮೂರು ದಿನ ವಾಂತಿ ಜಾಸ್ತಿ ಆಗಿ ಸಂಬಳ ಇಲ್ಲದ ರಜೆ ಹಾಕಿದ್ದೆ. ಒಟ್ಟು 55. ನೀವು ಹೇಳಿದ 70ಕ್ಕೆ 15 ಕಡಿಮೆ.

ಸೇರುವ ದಿನ ಎಚ್‌ಆರ್ ಮೇಡಂ ಕೇಳಿದ್ದು ನೆನಪಿದೆ, "ಹಳೆ ಇಎಸ್‌ಐ ಇದೆಯಾ?" ಅಂತ. ನನ್ನ ಹಿಂದೆ ಹತ್ತು ಹನ್ನೆರಡು ಜನ ನಿಂತಿದ್ದರು. "ಇದೆ ಮೇಡಂ, ಕಾರ್ಡು ಮನೆಯಲ್ಲಿದೆ" ಅಂದೆ. "ಸರಿ, ಹೊಸದು ಮಾಡುತ್ತೇನೆ ಬಿಡಿ" ಅಂದರು. ಅದು ಅಷ್ಟು ದೊಡ್ಡ ವಿಷಯ ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ಪಿಎಫ್‌ನ ಯುಎಎನ್ ನಂಬರ್ ಮಾತ್ರ ಫೋನಿನಲ್ಲಿ ಇತ್ತು, ಕೊಟ್ಟೆ. ಹಾಗಾಗಿ ಪಿಎಫ್ ಸರಿಯಾಗಿದೆ.

ಈಗ ಏನು ಮಾಡಲಿ?

ಮಾಗಡಿ ರೋಡ್ ಅಕ್ಕ

ಗಾಬರಿ ಮಾಡಿಕೊಳ್ಳಬೇಡಮ್ಮ, ಏಳನೇ ತಿಂಗಳಿನಲ್ಲಿ ಗಾಬರಿ ಒಳ್ಳೆಯದಲ್ಲ. ನಂಬರ್ ವಿಷಯ ಮೇಲಿನ ಅಣ್ಣ ಹೇಳುತ್ತಾರೆ. ನನ್ನ ಮನೆಯದ್ದು ಒಂದು ಹೇಳುತ್ತೇನೆ, ಎರಡು ಕಾರ್ಡು ಯಾಕೆ ಬೇಕು ಅನ್ನುವವರಿಗಾಗಿ.

ನಾನು ಅಗರಬತ್ತಿ ಪ್ಯಾಕಿಂಗ್‌ನಲ್ಲಿ ಇದ್ದೇನೆ. ನಮ್ಮವರು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಇದ್ದರು, ಅವರಿಗೂ ಇಎಸ್‌ಐ ಇತ್ತು. ನಾನೂ ನಿನ್ನ ಹಾಗೇ ನನ್ನ ಕಾರ್ಡು ಯಾವತ್ತೂ ಹೊರಗೆ ತೆಗೆದಿರಲಿಲ್ಲ. ಪ್ರೆಸ್ ಮುಚ್ಚಿತು. ಒಂದು ವರ್ಷ ಆಟೋ ಓಡಿಸಿದರು. ಆಗ ಒಂದು ರಾತ್ರಿ ಎರಡು ಗಂಟೆಗೆ ಸೊಂಟ ಹಿಡಿದುಕೊಂಡು ಕೂತರು, ಕಿಡ್ನಿಯಲ್ಲಿ ಕಲ್ಲು. ಅವರ ಕಾರ್ಡು ಆಗ ನಡೆಯುತ್ತಿರಲಿಲ್ಲ. ನಮ್ಮ ಡಿಸ್ಪೆನ್ಸರಿಯ ಡಾಕ್ಟರಮ್ಮ ಕೇಳಿದರು, "ನಿನಗೆ ಇದೆಯಲ್ಲ, ಗಂಡನ ಹೆಸರು ಹಾಕಿಸಿದ್ದೀಯಾ?" ಅಂತ. ಪುಣ್ಯಕ್ಕೆ ಹಾಕಿಸಿದ್ದೆ. ನನ್ನ ಕಾರ್ಡಿನ ಮೇಲೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲೇ ಅಡ್ಮಿಟ್, ಅಲ್ಲೇ ಆಪರೇಶನ್. ನಾವು ಕೊಟ್ಟಿದ್ದು ಆಟೋ ಬಾಡಿಗೆ ಮಾತ್ರ.

ಅದಕ್ಕೇ ಹೇಳುವುದು, ಗಂಡನ ಹೆಸರು ಹೆಂಡತಿ ಕಾರ್ಡಿನಲ್ಲಿ, ಹೆಂಡತಿ ಹೆಸರು ಗಂಡನ ಕಾರ್ಡಿನಲ್ಲಿ, ಮಕ್ಕಳ ಹೆಸರು ಎರಡರಲ್ಲೂ. ಒಂದು ಕೆಲಸ ಹೋದರೆ ಇನ್ನೊಂದು ಇರುತ್ತದೆ, ಅಲ್ವಾ? ನಿನ್ನ ಹೊಸ ಕಾರ್ಡಿನಲ್ಲಿ ಯಾರ್ಯಾರ ಹೆಸರು ಇದೆ ನೋಡು. ಅವಸರದಲ್ಲಿ ಮಾಡಿದ ಕಾರ್ಡಿನಲ್ಲಿ ಬರೀ ಸ್ವಂತ ಹೆಸರು ಇರುತ್ತದೆ.

ಟೈಮ್ ಆಫೀಸ್ ಹಳಬ

ಅಕ್ಕ ಹೇಳಿದ್ದು ಸರಿ.

ತಂಗೀ, ನಿಮ್ಮ ಎರಡು ನಂಬರ್ ವಿಷಯ. ಇದು ನಿಮ್ಮೊಬ್ಬರಿಗೇ ಆಗಿದ್ದಲ್ಲ. ಹಳೆಯ ನಂಬರಿಗೆ ಆಧಾರ್ ಜೋಡಿಸಿರಲಿಲ್ಲ, ಹೆಸರೂ ಬೇರೆ ಥರ ಇತ್ತು, ಅದಕ್ಕೇ ಹುಡುಕಿದರೂ ಸಿಕ್ಕಿರುವುದಿಲ್ಲ. ನಾನು ಕೆಲಸದಲ್ಲಿದ್ದಾಗ ಇಂಥವು ವರ್ಷಕ್ಕೆ ಹತ್ತಾದರೂ ಬರುತ್ತಿದ್ದವು. ಸರಿ ಮಾಡಿಸಬಹುದು. ಎರಡನ್ನೂ ಜೋಡಿಸುವ ಕೆಲಸ ಇಎಸ್‌ಐ ಬ್ರಾಂಚ್ ಆಫೀಸಿನದ್ದು. ಆಸ್ಪತ್ರೆಗೆ ಹೋಗಿ ಕೇಳಬೇಡಿ, ಡಿಸ್ಪೆನ್ಸರಿಗೂ ಹೋಗಬೇಡಿ. ಅಲ್ಲಿಯವರ ಕೈಯಲ್ಲಿ ಇದು ಇಲ್ಲ.

ನಿಮ್ಮ ಈಗಿನ ಕಂಪನಿಯಿಂದ ಒಂದು ಲೆಟರ್ ತೆಗೆದುಕೊಳ್ಳಿ. ಅದರಲ್ಲಿ "ಈ ಎರಡೂ ನಂಬರ್ ಒಬ್ಬರದ್ದೇ" ಅಂತ ಎರಡು ನಂಬರನ್ನೂ ಬರೆದು, ಸೀಲ್ ಹಾಕಿ, ಸಹಿ ಮಾಡಿರಬೇಕು. ಎಚ್‌ಆರ್ ಮೇಡಂ ಹತ್ತಿರ ಕೋಪ ಮಾಡಿಕೊಂಡು ಮಾತನಾಡಬೇಡಿ, ಅವರಿಂದ ಕೆಲಸ ಆಗಬೇಕು. ಹಳೆಯ ಸ್ಲಿಪ್ಪು ಎಷ್ಟು ಸಿಗುತ್ತವೋ ಅಷ್ಟೂ ಪ್ರಿಂಟ್ ತೆಗೆಸಿ. ಮಾರ್ಚ್ ಒಂದೇ ಸಾಲದು ಅನ್ನಬಹುದು. ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಇರಲಿ. ಹಳೆಯ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹಳೆಯ ಕಂಪನಿಯಿಂದ ಸಂಬಳ ಬಿದ್ದಿರುವ ಸಾಲುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಹೋಗಿ. ನಾನು ಕಳಿಸುತ್ತಿದ್ದವರಿಗೆಲ್ಲ ಹಾಗೇ ಮಾಡಿಸುತ್ತಿದ್ದೆ. ಒಳಗೆ ಕೂತವರಿಗೂ ಬೇಗ ಗೊತ್ತಾಗುತ್ತದೆ.

ಹೆರಿಗೆ ದುಡ್ಡಿನ 26 ವಾರದಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ನಿಮ್ಮ ಡೇಟಿಗೆ ಲೆಕ್ಕ ಹಾಕಿದರೆ ಡಿಸೆಂಬರ್ ಕೊನೆಗೆ ಬರುತ್ತದೆ. ಅಷ್ಟರೊಳಗೆ ಈ ಕೆಲಸ ಮುಗಿಸಿ. ಆ ರಜೆಯಲ್ಲಿ ಬೇರೆ ಕಡೆ ದುಡಿಯುವ ಹಾಗಿಲ್ಲ, ಅದೂ ನೆನಪಿರಲಿ.

ಈಗ ಅತ್ತೆಯವರ ವಿಷಯ. ನಿಮ್ಮ ಯಜಮಾನರ ಸಂಬಳ ಜನವರಿಯಲ್ಲಿ 21,000 ದಾಟಿದರೂ ಅವತ್ತೇ ಇಎಸ್‌ಐ ನಿಲ್ಲುವುದಿಲ್ಲ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಅವಧಿ ಮುಗಿಯುವವರೆಗೂ ಕಡಿತ ನಡೆಯುತ್ತದೆ. ಏಪ್ರಿಲ್ 1ರಿಂದ ಹೊರಗೆ. ಹಾಗಾಗಿ ನಿಮಗೆ ಸಮಯ ಇದೆ.

ಹಳೆಯ ಕಾನೂನಿನಲ್ಲಿ, ಅಂದರೆ 1948ರ ಇಎಸ್‌ಐ ಕಾಯ್ದೆಯಲ್ಲಿ, ಕಾರ್ಡು ಇರುವವರ ಸ್ವಂತ ತಂದೆ ತಾಯಿಗೆ ಮಾತ್ರ ಅವಕಾಶ ಇತ್ತು. ಸೊಸೆಯ ಕಾರ್ಡಿಗೆ ಅತ್ತೆಯನ್ನು ಸೇರಿಸಲು ಬರುತ್ತಿರಲಿಲ್ಲ. ಈಗ 2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ, ಕೆಲಸ ಮಾಡುವ ಹೆಣ್ಣುಮಗಳ ಅತ್ತೆ ಮಾವನನ್ನೂ ಅವಲಂಬಿತ ತಂದೆ ತಾಯಿ ಅನ್ನುವುದರೊಳಗೆ ತಂದಿದ್ದಾರೆ. ಇದು ನಿಮ್ಮಂಥ ಮನೆಗೆ ಬಹಳ ಒಳ್ಳೆಯದು. ಬ್ರಾಂಚ್ ಆಫೀಸಿಗೆ ಹೋದಾಗ ಈ ಮಾತನ್ನೂ ಎತ್ತಿ, ಅತ್ತೆಯವರನ್ನು ನಿಮ್ಮ ಕಾರ್ಡಿಗೆ ಸೇರಿಸಲು ಅರ್ಜಿ ಕೊಡಿ. ತಂದೆ ತಾಯಿಯನ್ನು ಸೇರಿಸಲು ಅವರ ಎಲ್ಲಾ ಆದಾಯ ಸೇರಿ ತಿಂಗಳಿಗೆ 9,000 ಮೀರಿರಬಾರದು. ಪಿಂಚಣಿಯನ್ನೂ ಆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಎರಡು ಪಾಲಿಸಿ ಮನೆ

ಇಎಸ್‌ಐ ಬಗ್ಗೆ ನಾನು ಹೇಳುವುದಿಲ್ಲ, ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಮೈದುನನ ಕಾರ್ಡಿನ ಬಗ್ಗೆ ಹೇಳುತ್ತೇನೆ. ನಮ್ಮ ಮನೆಯಲ್ಲಿ ನನಗೂ ಹೆಂಡತಿಗೂ ಬೇರೆ ಬೇರೆ ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಇದೆ.

ಆ 3 ಲಕ್ಷ ಅನ್ನುವುದು ಸಾಮಾನ್ಯವಾಗಿ ತಲೆಗೆ ಮೂರಲ್ಲ, ಇಡೀ ಮನೆಗೆ ಸೇರಿ ವರ್ಷಕ್ಕೆ ಮೂರು. ಮೈದುನನ ಹತ್ತಿರ ಅದನ್ನು ಕೇಳಿ. ಇನ್ನೊಂದು, ಅದರಲ್ಲಿ ತಂದೆ ತಾಯಿ ಇದ್ದಾರಾ ಅಂತ ಕೇಳಿ. ಎಷ್ಟೋ ಕಂಪನಿಯಲ್ಲಿ ಹೆಂಡತಿ ಮಕ್ಕಳಿಗೆ ಕಂಪನಿಯೇ ಕಟ್ಟುತ್ತದೆ, ತಂದೆ ತಾಯಿಗೆ ಸಂಬಳದಲ್ಲಿ ಬೇರೆಯಾಗಿ ಹಿಡಿಯುತ್ತಾರೆ. ಮೈದುನನಿಗೆ ಮದುವೆ ಆಗಿಲ್ಲದಿದ್ದರೆ ಅವನೊಬ್ಬನ ಹೆಸರು ಮಾತ್ರ ಇರಬಹುದು. ಅಮ್ಮನನ್ನು ಸೇರಿಸಬೇಕಾದರೆ ಪಾಲಿಸಿ ರಿನ್ಯೂ ಆಗುವ ಹೊತ್ತಿಗೆ ಒಂದು ಹತ್ತು ಹದಿನೈದು ದಿನ ಲಿಂಕ್ ಬಿಡುತ್ತಾರೆ. ಆಗ ತಪ್ಪಿದರೆ ಮತ್ತೆ ಒಂದು ವರ್ಷ. ವರ್ಷದ ನಡುವೆ ಸೇರಿಸುವುದು ಹೊಸದಾಗಿ ಮದುವೆ ಆದವರನ್ನು, ಹುಟ್ಟಿದ ಮಗುವನ್ನು ಮಾತ್ರ. ಅಮ್ಮನಿಗೆ ಶುಗರ್ ಇದೆ ಅಂತ ಹಿಂಜರಿಯಬೇಡಿ, ಕಂಪನಿಯ ಗ್ರೂಪ್ ಪಾಲಿಸಿಗಳಲ್ಲಿ ಹೆಚ್ಚಾಗಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಕೊಡುತ್ತಾರೆ. ನಾವೇ ಹೊರಗೆ ಪಾಲಿಸಿ ಮಾಡಿಸಿದರೆ ಹಳೆಯ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು.

ಎರಡು ಕಡೆ ಹೆಸರು ಇರುವುದು ತಪ್ಪಾ ಅಂತ ನನಗೂ ಭಯ ಇತ್ತು. ತಪ್ಪಲ್ಲ. ಹೋದ ವರ್ಷ ನನ್ನ ಅಪ್ಪನಿಗೆ ಹೃದಯದ ಆಪರೇಶನ್ ಆಯಿತು, ಬಿಲ್ 4 ಲಕ್ಷ 60 ಸಾವಿರ. ಅಪ್ಪನ ಹೆಸರು ನನ್ನ ಪಾಲಿಸಿಯಲ್ಲಿ ಇತ್ತು. ನನ್ನ ತಮ್ಮನ ಕಂಪನಿ ಪಾಲಿಸಿಯಲ್ಲೂ ಇತ್ತು. ನನ್ನದರಲ್ಲಿ 3 ಲಕ್ಷ ಕ್ಯಾಶ್‌ಲೆಸ್ ಆಯಿತು. ಮಿಕ್ಕ 1 ಲಕ್ಷ 60 ಸಾವಿರ ನಾವು ಕೈಯಿಂದ ಕಟ್ಟಿ, ಆಮೇಲೆ ತಮ್ಮನ ಪಾಲಿಸಿಯಲ್ಲಿ ಕ್ಲೈಮ್ ಮಾಡಿದೆವು. ಗ್ಲೌಸು, ಫೈಲು, ಊಟ ಅಂತ ಒಂಬತ್ತು ಸಾವಿರ ಬಿಟ್ಟು ಎಲ್ಲಾ ಬಂತು.

ಅದರಲ್ಲಿ ಒಂದು ಪಾಠ ಕಲಿತೆವು. ಕ್ಯಾಶ್‌ಲೆಸ್ ಮಾಡಿದರೆ ಒರಿಜಿನಲ್ ಬಿಲ್ಲುಗಳೆಲ್ಲ ಮೊದಲ ಇನ್ಶೂರೆನ್ಸ್ ಕಂಪನಿಗೆ ಹೋಗಿಬಿಡುತ್ತವೆ. ಎರಡನೆಯವರು ಅದನ್ನೇ ಕೇಳುತ್ತಾರೆ. ಆದ್ದರಿಂದ ಡಿಸ್ಚಾರ್ಜ್ ದಿನವೇ ಬಿಲ್ಲಿಂಗ್ ಕೌಂಟರಿನಲ್ಲಿ ಕೇಳಿ, ಪ್ರತಿಯೊಂದು ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ರಿಪೋರ್ಟು ಎಲ್ಲದರ ಜೆರಾಕ್ಸ್‌ಗೆ ಆಸ್ಪತ್ರೆಯ ಸೀಲ್ ಹಾಕಿಸಿಕೊಳ್ಳಿ. ಮೊದಲ ಕಂಪನಿಯಿಂದ "ಇಷ್ಟು ಕೊಟ್ಟಿದ್ದೇವೆ" ಅನ್ನುವ ಸೆಟಲ್‌ಮೆಂಟ್ ಲೆಟರ್ ತೆಗೆದುಕೊಳ್ಳಿ. ನಾವು ಸೀಲ್ ಹಾಕಿಸಿರಲಿಲ್ಲ. ಮತ್ತೆ ಆಸ್ಪತ್ರೆಗೆ ನಾಲ್ಕು ಸಲ ಓಡಾಡಿದೆವು. ಒಂದೇ ಬಿಲ್ಲಿನ ಒಂದೇ ದುಡ್ಡನ್ನು ಎರಡು ಕಡೆ ಕೇಳುವುದು ಮಾತ್ರ ಮಾಡಬೇಡಿ.

ನಿಮ್ಮ ಅತ್ತೆಗೆ ನನ್ನ ಸಲಹೆ, ದಿನದ ಮಾತ್ರೆಗೆ ಇಎಸ್‌ಐ, ದೊಡ್ಡ ಖರ್ಚಿಗೆ ಮೈದುನನ ಕಾರ್ಡು ಕೂಡ ಇರಲಿ. ಗ್ರೂಪ್ ಪಾಲಿಸಿಯಲ್ಲಿ ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗದೆ ಬರೀ ಮಾತ್ರೆಗೆ ಕೊಡುವುದಿಲ್ಲ. ಇಎಸ್‌ಐನಲ್ಲಿ ಅದು ಸಿಗುತ್ತದೆ. ಮತ್ತೆ, ಮೈದುನ ಕೆಲಸ ಬಿಟ್ಟ ದಿನ ಆ ಕಾರ್ಡೂ ಮುಗಿಯುತ್ತದೆ. ಅದನ್ನೊಂದನ್ನೇ ನಂಬಿ ಕೂರಬೇಡಿ.

ಪೀಣ್ಯದ ಟೈಲರ್

ಎಲ್ಲರಿಗೂ ಕೈ ಮುಗಿಯುತ್ತೇನೆ. ಹೋಗಿ ಬಂದೆ, ಆಗಿದ್ದನ್ನು ಹೇಳುತ್ತೇನೆ.

ಎಚ್‌ಆರ್ ಮೇಡಂಗೆ ಎರಡೂ ನಂಬರ್ ತೋರಿಸಿದೆ. ಅವರು ಒಂದು ನಿಮಿಷ ಏನೂ ಮಾತನಾಡಲಿಲ್ಲ. "ನನ್ನಿಂದ ಆಗಿದ್ದು, ನಾನೇ ಮಾಡಿಸಿಕೊಡುತ್ತೇನೆ" ಅಂದರು. ಅವತ್ತೇ ಮಧ್ಯಾಹ್ನ ಲೆಟರ್ ಕೊಟ್ಟರು, ಸೀಲ್ ಎರಡು ಕಡೆ ಹಾಕಿ. ಆಮೇಲೆ ನಮ್ಮ ಬ್ಯಾಚಿನಲ್ಲಿ ಆಗಸ್ಟ್‌ನಲ್ಲಿ ಸೇರಿದವರನ್ನೆಲ್ಲ ಕರೆದು ಹಳೆಯ ನಂಬರ್ ಕೇಳಿದರು. ಇನ್ನೂ ಐದು ಜನಕ್ಕೆ ಹೀಗೇ ಆಗಿದೆ. ಅದರಲ್ಲಿ ಒಬ್ಬಳು ನಾಲ್ಕು ತಿಂಗಳ ಗರ್ಭಿಣಿ.

ಮಂಗಳವಾರ ರಜೆ ಹಾಕಿ ಬ್ರಾಂಚ್ ಆಫೀಸಿಗೆ ಹೋದೆವು, ಮನೆಯವರೂ ಬಂದಿದ್ದರು. ಬೆಂಚು ತುಂಬಿತ್ತು. ನನ್ನ ಹೊಟ್ಟೆ ನೋಡಿ ಒಬ್ಬರು ಅಜ್ಜ ಎದ್ದು ಜಾಗ ಕೊಟ್ಟರು. ಕೌಂಟರಿನಲ್ಲಿ ಇದ್ದ ಸರ್ ಮೊದಲು "ಹೊಸ ನಂಬರಿನಲ್ಲಿ 55 ದಿನ ಇದೆ, ಆಗುವುದಿಲ್ಲಮ್ಮ" ಅಂದರು. ಅಣ್ಣ ಹೇಳಿದ ಹಾಗೆ ಬ್ಯಾಂಕ್ ಸ್ಟೇಟ್‌ಮೆಂಟಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೆ. ಅದನ್ನೂ ಸ್ಲಿಪ್ಪುಗಳನ್ನೂ ಮುಂದೆ ಇಟ್ಟೆ. ಅವರು ಹಳೆಯ ನಂಬರ್ ಹಾಕಿ ನೋಡಿದರು. ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ಅಕ್ಟೋಬರ್, ನವೆಂಬರ್, ಡಿಸೆಂಬರ್ ಅಂತ ತಿಂಗಳು ತಿಂಗಳು ಸಾಲಾಗಿ ಇತ್ತು. ಪಕ್ಕದಲ್ಲಿ 31, 30, 29 ಅಂತ ದಿನಗಳು. ನಾನು ಮೂರು ವರ್ಷ ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟು ಹೋಗಿ ದುಡಿದ ದಿನಗಳು ಅಲ್ಲಿ ಇದ್ದವು. ಕಣ್ಣಲ್ಲಿ ನೀರು ಬಂತು. "ಇದ್ಯಾಕಮ್ಮ ಮೊದಲೇ ಹೇಳಲಿಲ್ಲ" ಅಂತ ಅವರೇ ಅರ್ಜಿ ಬರೆಸಿಕೊಂಡರು.

ಹದಿಮೂರು ದಿನ ಆದ ಮೇಲೆ ಎಚ್‌ಆರ್ ಮೇಡಂ ಕರೆದು ಹೇಳಿದರು, ಜೋಡಣೆ ಆಗಿದೆ, ಹಳೆಯ ನಂಬರೇ ಮುಂದುವರಿಯುತ್ತದೆ ಅಂತ. ಹೆಸರೂ ಆಧಾರ್‌ನಲ್ಲಿ ಇರುವ ಹಾಗೆ ಸರಿ ಮಾಡಿದ್ದಾರೆ. ಹೊಸ ಪ್ರಿಂಟ್ ಕೊಟ್ಟರು. ಅಕ್ಕ ಹೇಳಿದ್ದು ನಿಜ, ಆಗಸ್ಟ್‌ನ ಕಾರ್ಡಿನಲ್ಲಿ ನನ್ನ ಹೆಸರು ಒಂದೇ ಇತ್ತು. ಈಗ ಮನೆಯವರ ಹೆಸರು, ಮಗಳ ಹೆಸರು ಹಾಕಿಸಿದ್ದೇನೆ. ಅತ್ತೆಯ ಅರ್ಜಿಯನ್ನೂ ಕೊಟ್ಟು ಬಂದಿದ್ದೇನೆ, ಅವರ ಆಧಾರ್ ಮತ್ತು ಆದಾಯದ ಪತ್ರ ಜೊತೆಗೆ. ಮಾರ್ಚ್‌ವರೆಗೆ ಮನೆಯವರ ಕಾರ್ಡು ಹೇಗೂ ಇದೆ. ಮೈದುನನ ಪಾಲಿಸಿ ಫೆಬ್ರವರಿಯಲ್ಲಿ ರಿನ್ಯೂ ಆಗುತ್ತದಂತೆ. ಅವನು ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದಾನೆ. ಸದ್ಯಕ್ಕೆ ಅದರಲ್ಲಿ ಅವನೊಬ್ಬನ ಹೆಸರೇ ಇರುವುದು.

ನನ್ನ ಅಮ್ಮ ತಿಪಟೂರಿನ ಹತ್ತಿರ ಊರಿನಲ್ಲಿ ಅಣ್ಣನ ಜೊತೆ ಇದ್ದಾರೆ. ಅವನಿಗೂ ಇಎಸ್‌ಐ ಇದೆ, ಅಮ್ಮನ ಹೆಸರು ಅದರಲ್ಲೇ ಇದೆ. ಅಲ್ಲಿಗೆ ಹತ್ತಿರದ ಡಿಸ್ಪೆನ್ಸರಿಯೂ ಆಗುತ್ತದೆ, ಹಾಗೇ ಬಿಟ್ಟಿದ್ದೇವೆ.

ಡಿಸೆಂಬರ್ 30ರಿಂದ ರಜೆ.

ಹೊಸ ಸದಸ್ಯೆ, ಬೊಮ್ಮಸಂದ್ರ

ಅಕ್ಕಾ, ನನಗೂ ಎರಡು ನಂಬರ್ ಇದೆ ಅಂತ ಇವತ್ತು ನೋಡಿದ ಮೇಲೆ ಗೊತ್ತಾಯಿತು. ನನ್ನ ಹಳೆಯ ಕಂಪನಿ ಮುಚ್ಚಿಹೋಗಿದೆ, ಸ್ಲಿಪ್ಪೂ ಇಲ್ಲ. ನೀವು ಏನೇನು ತೆಗೆದುಕೊಂಡು ಹೋದಿರಿ?

ಪೀಣ್ಯದ ಟೈಲರ್

ಸ್ಲಿಪ್ಪು ನನ್ನ ಹತ್ತಿರವೂ ಮೂರೇ ತಿಂಗಳದ್ದು ಸಿಕ್ಕಿದ್ದು, ಅದೂ ಫೋನಿನ ಫೋಟೋ. ಬ್ಯಾಂಕಿಗೆ ಹೋಗಿ ಒಂದೂವರೆ ವರ್ಷದ ಸ್ಟೇಟ್‌ಮೆಂಟ್ ತೆಗೆಸು, ಹಳೆಯ ಕಂಪನಿಯ ಹೆಸರು ಅದರಲ್ಲಿ ಬರುತ್ತದೆ. ಪಿಎಫ್ ಪಾಸ್‌ಬುಕ್ಕಿನಲ್ಲೂ ಆ ಕಂಪನಿ ಹೆಸರು, ಎಷ್ಟು ತಿಂಗಳು ಕಟ್ಟಿದ್ದಾರೆ ಅಂತ ಇರುತ್ತದೆ, ಅದನ್ನೂ ಪ್ರಿಂಟ್ ಮಾಡಿಸು. ಹಳೆಯ ಇಎಸ್‌ಐ ನಂಬರ್ ಗೊತ್ತಿಲ್ಲದಿದ್ದರೆ ಯಾವತ್ತಾದರೂ ಡಿಸ್ಪೆನ್ಸರಿಗೆ ಹೋಗಿದ್ದ ಚೀಟಿ ಹುಡುಕು, ಅದರ ಮೇಲೆ ಬರೆದಿರುತ್ತಾರೆ. ಇಎಸ್‌ಐ ಸಹಾಯವಾಣಿ 1800-11-2526, ಅದಕ್ಕೂ ಮಾಡಿ ಕೇಳು. ಈಗಿನ ಕಂಪನಿಯ ಲೆಟರ್ ಮಾತ್ರ ಮರೆಯಬೇಡ, ನನ್ನ ಹತ್ತಿರ ಅದನ್ನೇ ಮೊದಲು ಕೇಳಿದ್ದು. ಎಲ್ಲದಕ್ಕೂ ಎರಡೆರಡು ಜೆರಾಕ್ಸ್. ಬೆಳಿಗ್ಗೆ ಬೇಗ ಹೋಗು, ಹನ್ನೊಂದು ಗಂಟೆ ಆದ ಮೇಲೆ ಸಾಲು ಜಾಸ್ತಿ.